ಪ್ರೊಫೆಸರರ ಬಾಗಿಲಿಗೆ ಬಂದ ಹಲಗೆ

ಏಳು ವರ್ಷ ತಲೆ ಕೆರೆದುಕೊಂಡು, ಆ ವಿಶ್ವವಿದ್ಯಾಲಯದ ಮಹಾಬುದ್ಧಿವಂತರು ಒಂದು ಯಂತ್ರಕ್ಕೆ ಬೆಳಗಿನ ತಿಂಡಿಯ ಮೇಜು ಅಣಿಮಾಡುವುದನ್ನು ಕಲಿಸಿದರು. ಫ್ರೀಡಾ ಎಂದು ಅದಕ್ಕೆ ಹೆಣ್ಣಿನ ಹೆಸರು ಬೇರೆ, ಮನೆಗೆಲಸದ್ದಲ್ಲವೇ! ನಾಲ್ಕು ಕಪ್ಪು, ನಾಲ್ಕು ತಟ್ಟೆ ಇಡಲು ಅದಕ್ಕೆ ನಲವತ್ತು ನಿಮಿಷ. ಆ ಏಳು ವರ್ಷದಲ್ಲಿ ಹನ್ನೊಂದು ಮಂದಿ ಅದರ ಹೆಸರಲ್ಲಿ ಡಾಕ್ಟರೇಟ್ ಗಿಟ್ಟಿಸಿಕೊಂಡರು. ತಾನು ಕುಡಿದ ಕಾಫಿಯ ಕಪ್ಪನ್ನು ತಾನೇ ತೊಳೆದಿಡಬೇಕೆಂದು ಆ ಹನ್ನೊಂದು ಮಂದಿಯಲ್ಲಿ ಒಬ್ಬರಿಗೂ ಹೊಳೆಯಲಿಲ್ಲ. ತೊಳೆಯುತ್ತಿದ್ದವಳು ಶುಚಿ ಕೆಲಸದ ಗೇರ್ಲಿಂಡೆ ಹೇಫೆಲೆ.

ಗೇರ್ಲಿಂಡೆ ನೆಕಾರ್ ನದಿಯ ದಂಡೆಯ ಆ ಊರಲ್ಲೇ ಹುಟ್ಟಿ ಬೆಳೆದವಳು. ಆ ಸ್ವಾಬಿಯಾ ಸೀಮೆಯಲ್ಲಿ ನಾಲ್ಕು ಸಂಸಾರವಿರುವ ಕಟ್ಟಡವೆಂದರೆ ಮೆಟ್ಟಿಲು ಗುಡಿಸಿ ಒರೆಸುವ ಕೆಲಸ ವಾರಕ್ಕೊಂದು ಮನೆಯದು. ಯಾರ ಸರದಿಯೋ ಅವರ ಬಾಗಿಲಿಗೆ 'ಗುಡಿಸುವ ವಾರ' ಎಂದು ಬರೆದ ಸಣ್ಣ ಮರದ ಹಲಗೆ ತೂಗುತ್ತಿರುತ್ತದೆ. ಕೆಲಸ ಮುಗಿಸಿದವರು ಅದನ್ನು ಪಕ್ಕದ ಬಾಗಿಲಿಗೆ ಸಿಕ್ಕಿಸುತ್ತಾರೆ. ಮಾತಿಲ್ಲ, ಕತೆಯಿಲ್ಲ, ಹಲಗೆ ಬಂತೆಂದರೆ ಬಕೆಟ್ಟು ಹಿಡಿಯಬೇಕು. ತಾಯಿ ಕಾಲು ಮುರಿದುಕೊಂಡು ಮಲಗಿದಾಗ ಒಂಬತ್ತು ವರ್ಷದ ಗೇರ್ಲಿಂಡೆ ಮೂರು ಮಹಡಿಯ ಮೆಟ್ಟಿಲನ್ನು ಒಬ್ಬಳೇ ಉಜ್ಜಿದ್ದಳು. ಕೆಳಮನೆಯ ಮುದುಕಿ ಮೂಲೆಮೂಲೆಗೆ ಬೆರಳಿಟ್ಟು ನೋಡಿ, ಏನೂ ಸಿಗದೆ ಮುಖ ಗಂಟಿಕ್ಕಿಕೊಂಡು ಹೋದಳು. ಅರವತ್ತು ದಾಟಿದ ಮೇಲೂ ಗೇರ್ಲಿಂಡೆ ಅದನ್ನು ಹೇಳಿಕೊಂಡು ಬೀಗುತ್ತಿದ್ದಳು.

ಫ್ರೀಡಾಳ ಅಭ್ಯಾಸಕ್ಕೆಂದು ಪ್ರಯೋಗಾಲಯದೊಳಗೆ ಒಂದು ಮನೆಯನ್ನೇ ಕಟ್ಟಿದ್ದರು. ಒಲೆ ಇತ್ತು, ಯಾರೂ ಹಚ್ಚುತ್ತಿರಲಿಲ್ಲ. ಹಾಸಿಗೆ ಇತ್ತು, ಯಾರೂ ಮಲಗುತ್ತಿರಲಿಲ್ಲ. ಫ್ರೀಡಾಳ ಕಪ್ಪುಗಳಲ್ಲೇ ಎಲ್ಲರೂ ಕಾಫಿ ಕುಡಿದು ಕಂಡಕಂಡಲ್ಲಿ ಇಟ್ಟುಹೋಗುತ್ತಿದ್ದರು. ಗೇರ್ಲಿಂಡೆ ದಿನಾ ಬೆಳಿಗ್ಗೆ ಆರಕ್ಕೆ ಬಂದು ಅವನ್ನು ಹೆಕ್ಕಿ ತೊಳೆದು, ಫಳಫಳ ಒರೆಸಿ, ಗುರುತು ಹಾಕಿದ ಜಾಗದಲ್ಲಿಡುತ್ತಿದ್ದಳು. ಒಮ್ಮೆ ನಾಲ್ಕು ತಿಂಗಳು ಆಕೆಯ ಕೈಗೆ ತಂತಿ ಸುತ್ತಿದ ಗ್ಲೌಸು ತೊಡಿಸಿ ಮೇಜು ಅಣಿಮಾಡಿಸಿ, ಕೈ ಆಡುವ ಬಗೆಯನ್ನೆಲ್ಲ ಕಂಪ್ಯೂಟರಿಗೆ ಇಳಿಸಿಕೊಂಡರು. ಫ್ರೀಡಾ ಕಲಿತದ್ದು ಆ ಕೈಗಳಿಂದ. ಪ್ರಬಂಧಗಳಲ್ಲಿ ಆಕೆಯ ಹೆಸರು 'ವ್ಯಕ್ತಿ ನಾಲ್ಕು'.

ನಿವೃತ್ತಿಗೆ ಮೂರು ವರ್ಷವಿದ್ದಾಗ ಕಚೇರಿಯವರು ಶುಚಿ ಕೆಲಸವನ್ನೆಲ್ಲ ಗುತ್ತಿಗೆಗೆ ಕೊಡಲು ಹೊರಟರು. ಯಾವ ವಿಭಾಗದ ಮುಖ್ಯಸ್ಥರು ಈ ಕೆಲಸದವರು ಬೇಕೇಬೇಕು ಎಂದು ತಿಂಗಳ ಕೊನೆಯೊಳಗೆ ಬರೆದುಕೊಡುತ್ತಾರೋ ಆ ವಿಭಾಗದ ಕೆಲಸದವರಷ್ಟೇ ಉಳಿಯುತ್ತಾರೆ. ಗೇರ್ಲಿಂಡೆ ತನ್ನ ವಿಭಾಗದ ಮುಖ್ಯಸ್ಥ ಪ್ರೊಫೆಸರ್ ರೆಂಟ್ಸೌ ಅವರ ಕೋಣೆಗೆ ಹೋದಳು. ದೂರದ ಉತ್ತರದ ಹ್ಯಾಂಬರ್ಗಿನ ಕಡೆಯಿಂದ ಬಂದವರು ಅವರು, ಬಲು ನಯದ ಮಾತು.

"ಒಂದೇ ಒಂದು ಕಾಗದ ಪ್ರೊಫೆಸರೇ. ನೀವು ಬರೆದ್ರೆ ನನ್ನ ಕೆಲಸ ಉಳಿಯುತ್ತೆ."

"ಅಯ್ಯೋ, ಇದೂ ಕೇಳ್ಬೇಕಾ ಹೇಫೆಲೆಯವ್ರೇ? ನೀವಿಲ್ದೆ ಇಲ್ಲೇನು ನಡೆಯುತ್ತೆ? ಇವತ್ತೇ ಬರೀತೀನಿ."

ಆ ಇವತ್ತು ಬರಲೇ ಇಲ್ಲ. ರಾಜಧಾನಿಯಿಂದ ಅಧಿಕಾರಿಗಳು ಬಂದರು, ಫ್ರೀಡಾ ಮೇಜು ಅಣಿಮಾಡಿತು, ಚಪ್ಪಾಳೆ ಬಿತ್ತು. ಕಪ್ಪಿನ ಹಿಡಿಯನ್ನು ಅದು ಬಲಕ್ಕೆ ತಿರುಗಿಸಿಟ್ಟಾಗ ಅಧಿಕಾರಿಯೊಬ್ಬಳು ಕೇಳಿದಳು, "ಎಷ್ಟು ನಾಜೂಕು! ಇದನ್ನ ಯಾರು ಕಲಿಸಿದ್ರು?"

"ದತ್ತಾಂಶ," ಎಂದರು ಪ್ರೊಫೆಸರರು.

ಬಾಗಿಲ ಬಳಿ ಒರೆಸುವ ಬಟ್ಟೆ ಹಿಡಿದು ನಿಂತಿದ್ದ ಗೇರ್ಲಿಂಡೆಗೆ ಮೈ ಉರಿದುಹೋಯಿತು. ಮರುವಾರ ಕಾಗದದ ಮಾತೆತ್ತಿದರೆ ಅವರು ಹಣೆ ಚಚ್ಚಿಕೊಂಡರು. "ಛೇ, ಮರೆತೇಬಿಟ್ಟೆ ನೋಡಿ! ನೆನ್ನೆಗೇ ಕೊನೇ ದಿನ ಮುಗ್ದೋಯ್ತಲ್ಲ?"

ಕೆಲಸದ ಕೊನೆಯ ಶುಕ್ರವಾರ ಆಕೆ ಒಂದು ಕಪ್ಪನ್ನೂ ಮುಟ್ಟಲಿಲ್ಲ. ಮನೆಯ ಅಟ್ಟದಲ್ಲಿದ್ದ ತಾಯಿಯ ಕಾಲದ ಹಲಗೆಯನ್ನು ತಂದು ಪ್ರೊಫೆಸರರ ಬಾಗಿಲಿಗೆ ತೂಗುಹಾಕಿ ನಡೆದಳು. ಆ ಸೀಮೆಯ ಪದ್ಧತಿ ತಿಳಿಯದ ಪುಣ್ಯಾತ್ಮರು ಅದನ್ನು ಬೀಳ್ಕೊಡುಗೆಯ ಉಡುಗೊರೆ ಎಂದುಕೊಂಡರು! ಅದರ ಪಕ್ಕ ನಿಂತು ಫೋಟೋ ತೆಗೆಸಿಕೊಂಡು ವಿಭಾಗದ ಪತ್ರಿಕೆಯಲ್ಲೂ ಹಾಕಿಸಿದರು. ಊರಿನವರೇ ಆದ ಒಬ್ಬಿಬ್ಬರು ವಿದ್ಯಾರ್ಥಿಗಳು ತುಟಿ ಕಚ್ಚಿಕೊಂಡು ನಗು ತಡೆದರು.

ಗುತ್ತಿಗೆಯವರು ನೆಲ ಒರೆಸಿ ಹೋಗುತ್ತಿದ್ದರು, ಕಪ್ಪು ಅವರ ಪಟ್ಟಿಯಲ್ಲಿರಲಿಲ್ಲ. ಆರನೇ ವಾರಕ್ಕೆ ಪ್ರೊಫೆಸರರೇ ಫೋನ್ ಮಾಡಿದರು.

"ಹೇಫೆಲೆಯವ್ರೇ, ಫ್ರೀಡಾ ಕಪ್ಪನ್ನ ಗುರುತೇ ಹಿಡೀತಿಲ್ಲ. ಎದುರಿಗಿಟ್ರೂ ಸುಮ್ನೆ ನಿಂತ್ಬಿಡುತ್ತೆ. ನೀವೇನಾದ್ರೂ ಬದಲಾಯಿಸಿದ್ರಾ?"

"ಕಪ್ಪು ಹೇಗಿದಾವೆ?"

"ಹೇಗಂದ್ರೆ... ಇದ್ದ ಹಾಗೇ ಇದಾವೆ. ಸ್ವಲ್ಪ ಬೂಸ್ಟು ಬಂದಿರ್ಬೇಕು."

"ಅದು ಹುಟ್ಟಿದಾಗಿಂದ ಕೊಳೆ ಕಪ್ಪು ನೋಡೇ ಇಲ್ವಲ್ಲ ಪ್ರೊಫೆಸರೇ. ನಾನು ನೋಡೋಕೆ ಬಿಟ್ಟಿದ್ರೆ ತಾನೆ?"

ಪ್ರೊಫೆಸರರು ನಿಜವಾಗಿಯೂ ದಿಕ್ಕು ತೋಚದವರ ದನಿಯಲ್ಲಿ ಕೇಳಿದರು, "ಹಾಗಾದ್ರೆ ಇವನ್ನ ಯಾರು ತೊಳೀಬೇಕು?"

"ನಿಮ್ಮ ಬಾಗಿಲಲ್ಲಿ ಹಲಗೆ ಇದೆಯಲ್ಲ, ಅದು ಯಾರ ಬಾಗಿಲಲ್ಲಿರುತ್ತೋ ಅವರು. ಮುಗಿಸಿ ಪಕ್ಕದ ಕೋಣೆಯವ್ರಿಗೆ ದಾಟಿಸಿ."

ಫೋನಿಟ್ಟು ಗೇರ್ಲಿಂಡೆ ಹೊಟ್ಟೆ ಹಿಡಿದುಕೊಂಡು ನಕ್ಕಳು. ನಗುನಗುತ್ತಲೇ ಅಳು ಬಂತು. ಇಪ್ಪತ್ತೆರಡು ವರ್ಷದ ಕೆಲಸ, ಒಂದು ಕಾಗದ ಬರೆಯುವವರಿಲ್ಲದೆ ಹೋಯಿತಲ್ಲ! ಮೂಗೊರೆಸಿಕೊಂಡು ಬಾಗಿಲು ತೆಗೆದಳು. ಆ ವಾರ ಅವಳಿದ್ದ ಕಟ್ಟಡದ ಹಲಗೆ ಆಕೆಯದೇ ಬಾಗಿಲಲ್ಲಿತ್ತು. ಬಕೆಟ್ಟಿಗೆ ಬಿಸಿನೀರು ತುಂಬಿಕೊಂಡು ಮೇಲಿನ ಮೆಟ್ಟಿಲಿಂದ ಶುರುಮಾಡಿದಳು, ಮೂಲೆಯನ್ನೂ ಬಿಡದೆ.