"ಎಂತ ಇಲ್ಲ" ಅಂದ ಎಪ್ಪತ್ತೊಂದು ಮಂದಿ

ಡಾಕ್ಟರ್ ಸುಚಿತಾ ಮೊಗೇರ ಅವರಿಗೆ ಸಿಟ್ಟು ಜಾಸ್ತಿ ಎಂದು ಹೊನ್ನಾವರದ ಆ ಕಾಲೇಜಿನಲ್ಲಿ ಎಲ್ಲರೂ ಹೇಳುತ್ತಾರಂತೆ. ಸಾಲದು ಅನ್ನುತ್ತೇನೆ ನಾನು. ಅವರ ಜಾಗದಲ್ಲಿ ನಾನಿದ್ದಿದ್ದರೆ ಕುರ್ಚಿ ಎತ್ತಿ ಎಸೆದಿರುತ್ತಿದ್ದೆ.

ಅವರು ಹುಟ್ಟಿದ್ದು ಭಟ್ಕಳದ ಬಂದರದ ಹತ್ತಿರ. ತಾಯಿ ತಿಮ್ಮಿ ಮನೆಮನೆಗೆ ಮೀನು ಬುಟ್ಟಿ ಹೊತ್ತು ಮಗಳನ್ನು ಧಾರವಾಡಕ್ಕೆ ಓದಲು ಕಳಿಸಿದರು. ಕ್ಲಿನಿಕಲ್ ಸೈಕಾಲಜಿಯಲ್ಲಿ ಎಂ.ಫಿಲ್., ಆಮೇಲೆ ಪಿಎಚ್.ಡಿ., ಈಗ ಹನ್ನೊಂದು ವರ್ಷದಿಂದ ಪಾಠ. ಹುಡುಗರು ಹಿಂದಿನಿಂದ "ಮೀನು ಮೇಡಂ" ಅನ್ನುತ್ತಾರೆ. ಒಮ್ಮೆ ಅವರ ಕಿವಿಗೆ ಬಿತ್ತು. ಬೋರ್ಡಿನ ಕಡೆಯಿಂದ ತಿರುಗಿ, "ಯಾವ ಮೀನು ಅಂತ ಸರೀ ಹೇಳಿ ಮಾರಾಯ್ರೆ. ಬಂಗಡೆಯಾ, ಇಸ್ವಾಣನಾ? ರೇಟಲ್ಲಿ ವ್ಯತ್ಯಾಸ ಅದೆ," ಅಂದರಂತೆ.

ಮೂರು ವರ್ಷದ ಹಿಂದೆ ವಿಭಾಗದ ಮುಖ್ಯಸ್ಥ ಮಹಾಗಣಪತಿ ಸರ್ ಜೊತೆ ಸೇರಿ ಅವರು ಒಂದು ಸಂಶೋಧನೆ ಶುರು ಮಾಡಿದರು. ಭಟ್ಕಳದಿಂದ ಕುಮಟಾದವರೆಗೆ ಮೀನುಗಾರರ ಮನೆಗಳಲ್ಲಿ ಹೆರಿಗೆಯಾದ ಹೆಂಗಸರ ಮನಸ್ಸು ಹೇಗಿದೆ ಎಂದು ಕೇಳುವುದು. ಹತ್ತು ಪ್ರಶ್ನೆಗಳ ಫಾರಂ. ಲೇಖನ ಅಚ್ಚಾದರೆ ಸುಚಿತಾ ಮೇಡಂಗೆ ಬಡ್ತಿ ಖಾತ್ರಿ ಎಂದು ಮುಖ್ಯಸ್ಥರೇ ಹೇಳಿದ್ದರು.

ಕುಮಟಾದ ನಮ್ಮ ಮನೆಗೆ ಫಾರಂ ಹಿಡಿದು ಬಂದವಳು ಅವರ ವಿದ್ಯಾರ್ಥಿನಿ ಅಂಕಿತಾ. ನನ್ನ ಮಗಳಿಗೆ ಆಗ ಮೂರು ತಿಂಗಳು. ನಾನು ಹುಬ್ಬಳ್ಳಿಯಲ್ಲಿ ಇಂಗ್ಲಿಷ್ ಮೀಡಿಯಂನಲ್ಲಿ ಓದಿದವಳು, ದೋಣಿ ಇರುವ ಮನೆಗೆ ಸೊಸೆಯಾಗಿ ಬಂದವಳು. ಮಗು ಮಲಗಿದರೆ ಉಸಿರಾಡುತ್ತಿದೆಯೇ ಎಂದು ಮೂಗಿನ ಹತ್ತಿರ ಬೆರಳಿಡುತ್ತಿದ್ದೆ. ಎರಡು ನಿಮಿಷಕ್ಕೆ ಮತ್ತೆ ಇಡುತ್ತಿದ್ದೆ. ಅಂಕಿತಾ ಕೇಳಿದಳು: "ಕಾರಣವಿಲ್ಲದೆ ಆತಂಕ ಅನುಭವಿಸಿದ್ದೀರಾ?"

ಪಕ್ಕದಲ್ಲೇ ಅತ್ತೆ ಬಂಗಾರಿ ಕೂತಿದ್ದರು. "ಅದಕ್ಕೆಂತ ಆಗ್ಯದೆ? ಮೂರ್ಹೊತ್ತು ಉಣ್ತದೆ, ಮಲಗ್ತದೆ," ಅಂದರು ನನ್ನ ಕಡೆ ಕೈ ತೋರಿಸಿ.

"ಎಂತ ಇಲ್ಲ," ಅಂದೆ ನಾನು. ಮದುವೆಯಾಗಿ ಬಂದ ಮೇಲೆ ಈ ಊರಿನ ಭಾಷೆಯಲ್ಲಿ ನಾನು ಮೊದಲು ಕಲಿತದ್ದೇ ಆ ಎರಡು ಪದ. ಹತ್ತು ಪ್ರಶ್ನೆಗೂ ಅದನ್ನೇ ಹೇಳಿದೆ. ಅವಳು ಹತ್ತು ಕಡೆ "ಇಲ್ಲ" ಎಂದು ಗುರುತು ಹಾಕಿಕೊಂಡು ಚಾ ಕುಡಿದು ಹೋದಳು.

ಎಪ್ಪತ್ತೆಂಟು ಮನೆ ಮುಗಿದಾಗ ಎಪ್ಪತ್ತೊಂದು ಹೆಂಗಸರು "ಎಂತ ಇಲ್ಲ" ಎಂದೇ ಹೇಳಿದ್ದರು. ಸುಚಿತಾ ಮೇಡಂ ಅದನ್ನು ನಂಬಿದರು. ಅದೇ ಮಾತು ಕೇಳಿಕೊಂಡು ಬೆಳೆದವರು ಫಾರಂ ಕೈಗೆ ಬಂದ ಕೂಡಲೇ ಹೇಗೆ ಮರೆತರೋ! ಭಾನುವಾರ ಭಟ್ಕಳದ ಮನೆಯಲ್ಲಿ ತಾಯಿಗೆ ಲೆಕ್ಕ ಹೇಳಿದರಂತೆ, ಹೆಮ್ಮೆಯಿಂದಲೇ. ತಿಮ್ಮಿ ಬಂಗಡೆ ಕೊಯ್ಯುತ್ತಿದ್ದವರು ಕತ್ತಿ ಬಿಟ್ಟು ನಕ್ಕರು.

"ಎಂತ ಇಲ್ಲ ಅಂದ್ಕೂಡ್ಲೆ ಎಂತದೂ ಇಲ್ಲ ಅಂತ ಬರ್ಕಂಡು ಬಂದ್ಯನೇ? ಇದಕ್ಕೇ ನಾ ನಿನ್ನ ಧಾರವಾಡಕ್ಕೆ ಕಳ್ಸಿದ್ದು?"

"ಅವರೇ ಹೇಳಿದ್ದಲ್ವಾ ಅಬ್ಬೆ?"

"ನೀ ಹುಟ್ಟಿದಾಗ ಐದಾರು ತಿಂಗಳು ನಿನ್ನ ಮುಖ ನೋಡೂಕೇ ಮನಸ್ಸಿರ್ಲಿಲ್ಲ ನಂಗೆ. ಬಾವಿ ಹತ್ರ ಹೋಗೂಕೆ ಹೆದರ್ತಿದ್ದೆ. ನಿನ್ನಪ್ಪ ಕೇಳಿದ್ರೂ ಎಂತ ಇಲ್ಲ, ಅತ್ತೆ ಕೇಳಿದ್ರೂ ಎಂತ ಇಲ್ಲ. ಅತ್ತೆ ಎದ್ರಿಗೆ ಮತ್ತೆಂತ ಹೇಳೂದು? ಹೇಳಿದ್ರೆ ದೆವ್ವ ಹಿಡ್ದದೆ ಅಂತ ದೇವರ ಹೇಳಿಕೆ ಕೇಳೂಕೆ ಎಳ್ಕಂಡು ಹೋಗ್ತಿದ್ರು."

ನಲವತ್ತು ವರ್ಷದ ಮಗಳಿಗೆ ಈ ಸಂಗತಿ ಗೊತ್ತಾದದ್ದು ಅವತ್ತು.

ಮುಂದಿನ ವಾರ ಸುಚಿತಾ ಮೇಡಂ ಅವರೇ ನಮ್ಮ ಮನೆಗೆ ಬಂದರು, ಕೈಯಲ್ಲಿ ಫಾರಂ ಇಲ್ಲದೆ. "ಬಟ್ಟೆ ಒಗೆಯೂದಿದ್ರೆ ಬಾ, ನಾನೂ ಬರ್ತೆ," ಎಂದು ನನ್ನನ್ನು ಹಿತ್ತಿಲಿನ ಒಗೆಯುವ ಕಲ್ಲಿನ ಹತ್ತಿರ ಕರೆದುಕೊಂಡು ಹೋದರು. ಮೊಣಕಾಲು ನೋವಿನ ಅತ್ತೆ ಅಲ್ಲಿಗೆ ಇಳಿಯುವುದಿಲ್ಲ.

"ಒಂದು ಹಗಲಿಗೆ ಎಷ್ಟು ಸಲ ಮಗು ಉಸಿರು ನೋಡ್ತೆ?"

ಅವರಿಗೆ ಹೇಗೆ ಗೊತ್ತಾಯಿತು? ಅಂಕಿತಾ ಕೂತಿದ್ದ ಕಾಲು ಗಂಟೆಯಲ್ಲೇ ನಾನು ಆರು ಸಲ ಬೆರಳಿಟ್ಟದ್ದನ್ನು ಅವಳು ಅವರ ಬಳಿ ತಮಾಷೆಯಾಗಿ ಹೇಳಿದ್ದಳಂತೆ.

"ನಲವತ್ತು," ಅಂದೆ. "ಐವತ್ತೂ ಆಗ್ತದೆ." ಹೇಳುತ್ತ ಹೇಳುತ್ತ ಅಳು ಬಂತು. ಅವರು ಸಮಾಧಾನ ಮಾಡಲಿಲ್ಲ, ಹಲ್ಲು ಕಚ್ಚಿಕೊಂಡು ಕೂತರು. "ನಿನ್ನ ಮೇಲಲ್ಲ ಸಿಟ್ಟು," ಅಂದರು. "ಇದು ಕಾಯಿಲೆ, ಔಷಧಿ ಅದೆ." ಮರುದಿನವೇ ಪರಿಚಯದ ಡಾಕ್ಟರ ಹತ್ತಿರ ಕಳಿಸಿದರು.

ಹೀಗೆ ಇಪ್ಪತ್ತು ಮನೆಗಳಿಗೆ ಮತ್ತೆ ಹೋದರು. ಹದಿಮೂರು ಹೆಂಗಸರಿಗೆ ಚಿಕಿತ್ಸೆ ಬೇಕಿತ್ತು. ಅಷ್ಟರಲ್ಲಿ ಮಹಾಗಣಪತಿ ಸರ್ ಮೊದಲ ಲೆಕ್ಕವನ್ನೇ ಇಟ್ಟುಕೊಂಡು ಕರಾವಳಿಯ ತಾಯಂದಿರಿಗೆ ಖಿನ್ನತೆ ತಟ್ಟುವುದೇ ಇಲ್ಲ, ಅವರ ಮನೋಬಲ ಅಂಥದ್ದು ಎಂದು ಲೇಖನ ಬರೆದು ಮುಗಿಸಿದ್ದರು. ಮನೋಬಲವಂತೆ! ಆ ಎಪ್ಪತ್ತೊಂದರಲ್ಲಿ ನಾನೂ ಒಬ್ಬಳು.

ಅವರಿಬ್ಬರ ಜಗಳ ಅಂಕಿತಾಳ ಎದುರೇ ನಡೆಯಿತು.

"ಡಾಟಾ ಅಂದರೆ ಡಾಟಾ, ಮೇಡಂ. ಹೆಂಗಸರು ಇಲ್ಲ ಅಂದಿದ್ದಾರೆ. ನೀವು ಮೀನು ಮಾರುವ ತಾಯಿಯ ಮಾತು ಕೇಳಿ ರಿಸರ್ಚ್ ಮಾಡ್ತೀರಾ?"

"ಮಾಡ್ತೇನೆ ಸರ್. ಲೇಖನ ಬರೆಯುವಾಗ ನೀವು ಎಷ್ಟು ಬಾಣಂತಿಯರ ಮಾತು ಕೇಳಿದ್ರಿ?"

"ಹೆಸರು ಬೇಡದಿದ್ದರೆ ತೆಗೆಸಿಕೊಳ್ಳಿ. ಬಡ್ತಿಯ ಆಸೆಯನ್ನೂ ಬಿಡಿ. ಲೇಖನ ನಿಲ್ಲುವುದಿಲ್ಲ."

ನಿಲ್ಲಿಸುವ ದಾರಿ ಫಾರಂನಲ್ಲೇ ಇತ್ತು. ಯಾವಾಗ ಬೇಕಾದರೂ, ಕಾರಣ ಹೇಳದೆ, ನನ್ನ ಉತ್ತರಗಳನ್ನು ವಾಪಸ್ ಪಡೆಯಬಹುದು ಎಂದು ಕೊನೆಯ ಸಾಲಿನಲ್ಲಿತ್ತು. ಅದನ್ನು ಅವತ್ತು ನಮಗೆ ಯಾರೂ ಓದಿ ಹೇಳಿರಲಿಲ್ಲ. ಸುಚಿತಾ ಮೇಡಂ ಆ ಇಪ್ಪತ್ತು ಮನೆಗಳಿಗೆ ಮೂರನೆಯ ಸಲ ಬಸ್ಸು ಹತ್ತಿದರು. "ನಾನು ಕೇಳಿದ್ದು ಸರಿ ಆಗ್ಲಿಲ್ಲ. ಆ ಉತ್ತರ ಇಡೂದೋ, ವಾಪಸ್ ತಕಣೂದೋ ನಿಮ್ಗೆ ಬಿಟ್ಟದ್ದು," ಎಂದಷ್ಟೇ ಹೇಳಿದರು. ಒಬ್ಬಳು ಗಂಡನಿಗೆ ಹೆದರಿದಳು. ಇಬ್ಬರು ಯಾಕೆ ಸುಮ್ಮನೆ ಉಸಾಬರಿ ಅಂದರು. ಹದಿನೇಳು ಮಂದಿ ಪತ್ರ ಬರೆದೆವು. ನಾನಂತೂ ಪೆನ್ನಿನ ಮೊನೆ ಕಾಗದ ತೂತು ಮಾಡುವಷ್ಟು ಒತ್ತಿ ಬರೆದೆ.

ಹದಿನೇಳು ಪತ್ರ ಮೇಜಿನ ಮೇಲೆ ಬಿದ್ದಾಗ ಮುಖ್ಯಸ್ಥರು ಕೇಳಿದರಂತೆ: "ಯಾರು ಇವರಿಗೆ ಹೇಳಿಕೊಟ್ಟದ್ದು?"

"ನಾನೇ."

ಹದಿನೇಳು ಉತ್ತರ ಕಳೆದ ಮೇಲೆ ಆ ಲೆಕ್ಕ ಉಳಿಯಲಿಲ್ಲ, ಲೇಖನ ನಿಂತಿತು. ಬಡ್ತಿ ಪಟ್ಟಿಯಲ್ಲಿ ಬೇರೆಯವರ ಹೆಸರು ಬಂತು. ಸಂಶೋಧನೆಗೆ ಅಡ್ಡಿಪಡಿಸಿದ್ದಕ್ಕೆ ವಿವರಣೆ ಕೊಡಿ ಎಂದು ಸುಚಿತಾ ಮೇಡಂಗೆ ಮೆಮೋ ಕೂಡ ಬಂತು. ಅವರು ಕೊಟ್ಟ ಉತ್ತರವನ್ನು ನಾನು ಓದಿದ್ದೇನೆ: "ಅತ್ತೆಯ ಎದುರು ಸೊಸೆಗೆ ಪ್ರಶ್ನೆ ಕೇಳಿಸಿದ್ದು ನನ್ನ ತಪ್ಪು. ಆ ತಪ್ಪನ್ನು ಅಚ್ಚು ಹಾಕಲು ಬಿಡಲಿಲ್ಲ. ಉಳಿದ ಐವತ್ತೊಂದು ಮನೆಗಳಿಗೂ ಮತ್ತೆ ಹೋಗಬೇಕಿದೆ, ಶನಿವಾರಗಳಂದು ರಜೆ ಮಂಜೂರು ಮಾಡಬೇಕು."

ರಜೆ ಮಂಜೂರಾಗಿಲ್ಲ. ಈ ಶನಿವಾರ ಅವರು ಸಂಬಳ ಕಡಿತಕ್ಕೆ ಒಪ್ಪಿ, ಆ ಐವತ್ತೊಂದರಲ್ಲಿ ಕೆಲವು ಮನೆಗಳಿರುವ ಮುಟ್ಟಳ್ಳಿಗೆ ಹೋಗಿದ್ದಾರೆ.