ಬಾವಿಗೆ ಔಷಧ ಹಾಕುವ ಮೊದಲು

ಯಾರ ಮನೆಗೆ ಹೋದರೂ ಕೈಗೆ ನೀರಿನ ಲೋಟ ಬಂದ ಕೂಡಲೇ ಗಟಗಟನೆ ಕುಡಿಯುವ ಭಾಗ್ಯ ನನಗಿಲ್ಲ. ಮೊದಲು ಬೆಳಕಿಗೆ ಹಿಡಿಯುತ್ತೇನೆ, ಆಮೇಲೆ ಮೂಗಿನ ಹತ್ತಿರ ತರುತ್ತೇನೆ. ಮನೆಯೊಡತಿಯ ಮುಖ ಚಿಕ್ಕದಾಗುವುದು ಕಂಡರೂ ಕೈ ಮಾತು ಕೇಳುವುದಿಲ್ಲ. ಖಾನಾಪುರ ತಾಲ್ಲೂಕಿನ ಹಳ್ಳಿಗಳಲ್ಲಿ ನರ್ಸ್ ಆಗಿ ನೌಕರಿ ಮಾಡಿ ನಿವೃತ್ತಳಾದವಳ ರೋಗವಿದು. "ನಮ್ಮ ಅತ್ತಿ ಗುಡ್ಯಾಗ ತೀರ್ಥಾನೂ ಬೆಳಕಿಗೆ ಹಿಡದ ನೋಡತಾರ" ಎಂದು ನನ್ನ ಸೊಸೆ ಬಂದವರೆದುರು ಹೇಳುತ್ತಾಳೆ. ಅದು ಶುದ್ಧ ಸುಳ್ಳು. ತೀರ್ಥವನ್ನು ನಾನು ಬೆಳಕಿಗೆ ಹಿಡಿಯುವುದಿಲ್ಲ. ಅಂಗೈಯಲ್ಲಿಟ್ಟುಕೊಂಡು ತುಸು ಹೊತ್ತು ನೋಡುತ್ತೇನೆ, ಅಷ್ಟೇ.

ವಾಸನೆಯಿಲ್ಲದ ನೀರೇ ಒಳ್ಳೆಯ ನೀರೆಂದು ಎಲ್ಲರೂ ನಂಬಿದ್ದಾರೆ. ನನಗೆ ಮಾತ್ರ ತುಸು ಬ್ಲೀಚಿಂಗ್ ಪೌಡರಿನ ವಾಸನೆ ಬಂದರೆ ಜೀವ ಹಗುರಾಗುತ್ತದೆ. ಯಾರೋ ತಮ್ಮ ಕೆಲಸ ಸರಿಯಾಗಿ ಮಾಡಿದ್ದಾರೆಂಬ ಸುದ್ದಿ ಅದು. ಮಳೆಗಾಲದ ಮೊದಲು ಆ ಪೌಡರಿನ ಡಬ್ಬಿ ಹಿಡಿದು ನಾನು ಲೋಂಡಾ ಕಡೆಯ ಹಳ್ಳಿಗಳಿಗೆ ರೈಲಿನಲ್ಲಿ ಹೋಗುತ್ತಿದ್ದೆ. ಡಬ್ಬಿಯ ಮುಚ್ಚಳ ಎಷ್ಟು ಬಿಗಿದರೂ ಒಳಗಿನದು ತನ್ನ ಇರವನ್ನು ಸಾರಿಯೇ ಸಾರುತ್ತಿತ್ತು. ಮೂಗು ಮುಚ್ಚಿಕೊಂಡ ಪ್ರಯಾಣಿಕರು ಒಬ್ಬೊಬ್ಬರಾಗಿ ಸರಿದು, ಕಿಟಕಿಯ ಪಕ್ಕದ ಇಡೀ ಬೆಂಚು ನನಗೆ ಬಿಟ್ಟುಕೊಡುತ್ತಿದ್ದರು. ಸರಕಾರಿ ನೌಕರಿಯಲ್ಲಿ ನಾನು ಅನುಭವಿಸಿದ ಏಕೈಕ ವೈಭವವದು.

ನೀರಿನ ವಿಷಯದಲ್ಲಿ ಪ್ರತಿ ಮನೆಯಲ್ಲೂ ಒಂದು ಶಾಸ್ತ್ರವಿರುತ್ತದೆ. ಒಬ್ಬರು ತಾಮ್ರದ ಕೊಡವೆನ್ನುತ್ತಾರೆ, ಒಬ್ಬರು ನುಗ್ಗೆಯ ಬೀಜ, ಇನ್ನೊಬ್ಬರು ಬಾವಿಯ ತಳದಲ್ಲಿ ನೆಲ್ಲಿಮರದ ತುಂಡು. ನನ್ನ ತಾಯಿ ತುರಟಿಯ, ಅಂದರೆ ಪಟಿಕದ ಪಕ್ಷ. ಆ ಬಿಳಿಯ ಹರಳನ್ನು ಕೊಡದಲ್ಲಿ ಎರಡು ಸುತ್ತು ತಿರುಗಿಸಿದರೆ ರಾಡಿ ನೀರು ಕನ್ನಡಿಯಾಗುತ್ತಿತ್ತು. ತುರಟಿ ಕೆಸರನ್ನು ಕೆಳಗಿಳಿಸುತ್ತದೆ, ರೋಗವನ್ನಲ್ಲ ಎಂದು ನಾನು ಕಲಿತು ಬಂದು ಹೇಳಿದಾಗ, "ಕಲ್ತಾಕಿ ಬಂದ್ಲು, ದೂರ ಸರೀರಿ" ಎಂದಳು. ಅಜ್ಜಿಯ ಕಾಲದಲ್ಲಂತೂ ವಾಂತಿಭೇದಿ ಬಂದರೆ ನೀರಿನ ಮೇಲೆ ಯಾರೂ ಅನುಮಾನ ಪಡುತ್ತಿರಲಿಲ್ಲ. ರೋಗದ ದೇವಿ ಅಮ್ಮ ಬಂದಿದ್ದಾಳೆಂದು ಅವಳ ಮೂರ್ತಿಯನ್ನು ಪುಟ್ಟ ಬಂಡಿಯಲ್ಲಿ ಕೂಡಿಸಿ, ಉಡಿ ತುಂಬಿ, ಊರ ಗಡಿ ದಾಟಿಸಿ ಬರುತ್ತಿದ್ದರು. ಆಚೆಯ ಊರಿನವರೂ ಭಕ್ತಿಯಲ್ಲಿ ಕಡಿಮೆಯಲ್ಲ. ಅವರು ಇನ್ನೂ ಹೆಚ್ಚು ಉಡಿ ತುಂಬಿ ಮುಂದಿನ ಊರಿಗೆ ದಾಟಿಸುತ್ತಿದ್ದರು. ಗಡಿಯ ವಿಷಯದಲ್ಲಿ ನಮ್ಮ ಕಡೆಯ ಮಂದಿ ಹಿಂದಿನಿಂದಲೂ ಹುಷಾರು. ಭೇದಿಗೆ ಮಾತ್ರ ಗಡಿಯೂ ಇಲ್ಲ, ಭಾಷೆಯೂ ಇಲ್ಲ. ಕನ್ನಡದವರ ಕೊಡ, ಮರಾಠಿಯವರ ಘಾಗರಿ ಎರಡರಲ್ಲೂ ಅದು ಸಮನಾಗಿ ಈಜುತ್ತದೆ.

ಈ ಹುಚ್ಚು ನನ್ನನ್ನು ಎಲ್ಲಿಯೂ ಬಿಟ್ಟಿಲ್ಲ. ಖಾನಾಪುರದ ಹತ್ತಿರದ ಹಲಸಿಗೆ ಹೋದಾಗ ಜೊತೆಯವರೆಲ್ಲ ಕದಂಬರ ಕಾಲದ ಗುಡಿಗಳನ್ನು ನೋಡಿ ಬೆರಗಾಗುತ್ತಿದ್ದರು. ನಾನು ಮಾತ್ರ, ಇಷ್ಟು ಕಲ್ಲು ಕಡಿದವರು ಎಂಥ ನೀರು ಕುಡಿದಿರಬಹುದು, ಕುದಿಸಿ ಕೊಡುವವರು ಯಾರಾದರೂ ಇದ್ದರೋ ಇಲ್ಲವೋ ಎಂದು ಚಿಂತಿಸುತ್ತ ನಿಂತಿದ್ದೆ.

ಈಗ ನಾವಿರುವುದು ಬೆಳಗಾವಿಯ ವಡಗಾವಿಯಲ್ಲಿ, ಮಗ್ಗದ ಸದ್ದಿನ ಒಂದು ಸಣ್ಣ ಗಲ್ಲಿ. ಎದುರು ಮನೆಯಲ್ಲಿ ಪದ್ಮಕ್ಕ ಇದ್ದಾರೆ. ಜೈನರು, ನನ್ನ ವಾರಿಗೆಯವರು. ಅವರ ಮನೆಯ ಮಗ್ಗುಲಲ್ಲಿ ಅವರ ಮಾವನವರು ತೋಡಿಸಿದ ಕಲ್ಲುಕಟ್ಟಿನ ಬಾವಿಯಿದೆ. ಈ ಬೇಸಿಗೆಯಲ್ಲಿ ರಸ್ತೆ ಅಗೆಯುವಾಗ ಪೈಪು ಒಡೆದು ನಳದ ನೀರು ನಿಂತಾಗ, ಗಲ್ಲಿಯ ಮಂದಿ ಪದ್ಮಕ್ಕನನ್ನು ಕೇಳಿಕೊಂಡು ಬಾವಿಯ ಹೂಳು ತೆಗೆದರು. ಮೋಟಾರು ಇಳಿಸಿ, ಕಟ್ಟೆಯ ಮೇಲೆ ನೀರು ತುಂಬಿಡುವ ಒಂದು ಕರಿ ಟಾಕಿ ಕೂಡಿಸಿ, ಅದಕ್ಕೆ ನಳಗಳನ್ನು ಹಚ್ಚಿದರು. ಎಲ್ಲರ ಮನೆಗೂ ನೀರಾಯಿತು. ಪದ್ಮಕ್ಕ ಮಾತ್ರ ಮೊದಲಿನಂತೆ ಬಾವಿಯಿಂದಲೇ ಹಗ್ಗದಲ್ಲಿ ಸೇದಿಕೊಳ್ಳುತ್ತಿದ್ದರು.

ಮಳೆ ಹಿಡಿಯಿತು. ಹಿಂದೆಯೇ ಮನೆಮನೆಯಲ್ಲಿ ಭೇದಿ ಶುರುವಾಯಿತು. ಮಗ್ಗದ ವಿಠ್ಠಲ ಮಾಮಾರ ಮೊಮ್ಮಗಳಿಗೆ ದವಾಖಾನೆಯಲ್ಲಿ ಸಲಾಯನ್ ಹಚ್ಚಬೇಕಾಯಿತು. ಕೂಸು ಗುಣವಾಗಿ ಬಂತು, ಆದರೆ ಗಲ್ಲಿಗೆ ಗಲ್ಲಿಯೇ ಹೆದರಿ ಬಾವಿಕಟ್ಟೆಯ ಮೇಲೆ ಸೇರಿತು.

"ಅಹೋ ಸಿಸ್ಟರ್, ಮುಂದ ಏನ ಮಾಡೂಣು ನೀವ ಹೇಳ್ರಿ" ಎಂದರು ವಿಠ್ಠಲ ಮಾಮಾ.

ಇಂಥ ಪ್ರಶ್ನೆಗೆ ನನ್ನ ಉತ್ತರ ಸದಾ ಇಸ್ತ್ರಿ ಮಾಡಿ ಮಡಿಸಿಟ್ಟಿರುತ್ತದೆ. "ರವಿವಾರ ಮುಂಜಾನೆ ಬಾಂವಿಗೆ ಬ್ಲೀಚಿಂಗ್ ಪೌಡರ್ ಹಾಕೂದು. ಅವತ್ತ ಯಾರೂ ನೀರ ಜಗ್ಗಬಾರದು. ಮುಗೀತು!" ಎಂದೆ. 'ಮುಗೀತು' ಎಂದಮೇಲೆ ನನ್ನೆದುರು ಯಾರೂ ಮಾತು ಮುಂದುವರಿಸುವುದಿಲ್ಲ. ಅಂದೂ ಮುಂದುವರಿಸಲಿಲ್ಲ.

ಸಂಜೆ ಪದ್ಮಕ್ಕ ಮನೆಗೆ ಬಂದರು. ಕುರ್ಚಿ ತೋರಿಸಿದರೂ ಬಾಗಿಲ ಚೌಕಟ್ಟು ಹಿಡಿದು ನಿಂತರು.

"ಸಿಸ್ಟರ್, ಬಾಂವಿಗೆ ಔಷಧ ಹಾಕಬ್ಯಾಡ್ರಿ. ಚಾತುರ್ಮಾಸಕ್ಕ ಬಸದಿಗೆ ಮುನಿಗಳು ಬಂದಾರ."

ನನಗೆ ಅರ್ಥವಾಯಿತು. ದಿಗಂಬರ ಮುನಿಗಳು ದಿನಕ್ಕೊಮ್ಮೆ, ನಿಂತುಕೊಂಡು, ಬೊಗಸೆಯಲ್ಲಿ ಆಹಾರ ತೆಗೆದುಕೊಳ್ಳುತ್ತಾರೆ. ನೀರೂ ಆಗಲೇ. ಅಡಿಗೆಗೂ ಕುಡಿಯಲಿಕ್ಕೂ ಬಾವಿಯಿಂದ ಸೇದಿ, ಸೋಸಿ, ಕುದಿಸಿದ ನೀರೇ ಆಗಬೇಕು. ಬೆಳಗ್ಗೆ ಅವರು ಬಸದಿಯಿಂದ ಹೊರಟಾಗ ಶ್ರಾವಕರು, ಅಂದರೆ ಮನೆವಾರ್ತೆಯ ಜೈನರು, ತಮ್ಮತಮ್ಮ ಬಾಗಿಲಲ್ಲಿ ಕಲಶ ಹಿಡಿದು ನಿಲ್ಲುತ್ತಾರೆ. ಮುನಿಗಳು ಯಾರ ಬಾಗಿಲಲ್ಲಿ ನಿಲ್ಲುವರೋ ಅವರೇ ಬಲ್ಲರು.

"ಯಜಮಾನ್ರು ಹೋದ ಮ್ಯಾಲೆ ನಮ್ಮ ಬಾಗಲಾಗ ಒಬ್ಬ ಮುನಿಗಳೂ ನಿಂತಿಲ್ರಿ" ಎಂದರು ಪದ್ಮಕ್ಕ. "ನಾ ಅಂತೂ ಪ್ರತಿ ವರ್ಷಾ ನಿಂದರತೇನಿ. ಔಷಧ ಬಿದ್ದ ನೀರ ಅವರಿಗೆ ನಡಿಯೂದಿಲ್ಲ. ನಾಳೆ ನಮ್ಮ ಬಾಗಲಕ್ಕ ಬಂದ್ರ ಏನ ಕೊಡ್ಲಿ?"

"ಪದ್ಮಕ್ಕ, ವಿಠ್ಠಲ ಮಾಮಾರ ಕೂಸಿಗೆ ಸಲಾಯನ್ ಹಚ್ಚಿದ್ದು ನೀವ ನೋಡಿಲ್ಲೇನು?"

"ನೋಡೇನ್ರಿ, ಅದಕ್ಕ ಇಲ್ಲಿಗೆ ಬಂದೇನಿ. ಬಾಂವಿ ನಮ್ಮ ಮಾವನವರದು ಅಂತ ಜಗಳಾ ತಗಿಯೂದಿದ್ರ ಕಟ್ಟೀಮ್ಯಾಗ ತಗೀತಿದ್ನಿ. ಕೂಸಿಗೂ ನೀರ ಬೇಕು, ಮುನಿಗಳಿಗೂ ಬೇಕು. ಎರಡೂ ಆಗೂ ಹಂಗ ಹೇಳ್ರಿ."

"ಎರಡೂ ಹೆಂಗ ಆಗತಾವ? ಬಾಂವಿಗೇ ಹಾಕೂದು ನಮ್ಮ ಪದ್ಧತಿ."

"ಏನ ಪದ್ಧತಿನೋ ಏನೋ! ದವಾಖಾನ್ಯಾಗ ಒಂದ ಸೂಜಿ ಕುದಸಾಕ ನೀವು ಇಡೀ ಕಪಾಟ ಕುದಸ್ತಿದ್ರೇನ್ರಿ?"

ನಾನು ಚಹಾ ಮಾಡಲು ಒಳಗೆ ಹೋದೆ. ಹೊತ್ತು ಮುಳುಗಿದ ಮೇಲೆ ಅವರು ಏನೂ ಮುಟ್ಟುವುದಿಲ್ಲವೆಂಬುದನ್ನು ಮರೆತು ಎರಡು ಕಪ್ ಮಾಡಿದೆ. ಅವರು ಹೋದ ಮೇಲೆ ಎರಡನ್ನೂ ನಾನೇ ಕುಡಿಯುತ್ತ ಕುಳಿತೆ.

ಎರಡನೆಯ ಕಪ್ಪಿನ ಹೊತ್ತಿಗೆ ತಲೆ ತುಸು ತೆರೆಯಿತು. ಹಳ್ಳಿಗಳಲ್ಲಿ ನಾವು ಬಾವಿಗೇ ಪೌಡರ್ ಹಾಕುತ್ತಿದ್ದುದೇಕೆ? ಅಲ್ಲಿ ಪ್ರತಿಯೊಬ್ಬರೂ ತಂತಮ್ಮ ಕೊಡ ಇಳಿಸಿ ನೇರ ಬಾವಿಯಿಂದ ಒಯ್ಯುತ್ತಿದ್ದರು. ನಡುವೆ ನೀರು ನಿಲ್ಲುವ ಜಾಗವೇ ಇರಲಿಲ್ಲ. ಇಲ್ಲಿ ಕರಿ ಟಾಕಿಯಿದೆ. ಗಲ್ಲಿ ಕುಡಿಯುವುದು ಅದರ ನೀರನ್ನು. ಶಿಸ್ತಿನ ಮನುಷ್ಯರಿಗೆ ಆಗುವ ಗತಿಯೇ ಇದು. ಪದ್ಧತಿ ಕಂಠಪಾಠವಾಗಿರುತ್ತದೆ, ಅದು ಹುಟ್ಟಿದ ಕಾರಣ ಮಾತ್ರ ಯಾವುದೋ ಸ್ಟೇಶನ್ನಿನಲ್ಲಿ ಇಳಿದುಹೋಗಿರುತ್ತದೆ.

ರವಿವಾರ ಬೆಳಗ್ಗೆ ಗಲ್ಲಿಗೆ ಹೊಸ ಆದೇಶ ಹೊರಟಿತು: ಔಷಧ ಬಾವಿಗಲ್ಲ, ಟಾಕಿಗೆ. ಮೊದಲು ಬಾವಿಯ ಸುತ್ತ ಹುಡುಕಿಸಿದೆ. ಹಿಂದಿನ ಗಟಾರು ಬಿರುಕು ಬಿಟ್ಟು ಬಾವಿಯ ಕಡೆಗೇ ಜಿನುಗುತ್ತಿತ್ತು. ಅದಕ್ಕೆ ಸಿಮೆಂಟು ಬಿತ್ತು. ಟಾಕಿಯನ್ನು ತೊಳೆಸಿದೆ. ಪೌಡರನ್ನು ಬಕೆಟ್ಟಿನಲ್ಲಿ ಕಲಸಿ, ಅದರೊಳಗಿನ ಸುಣ್ಣ ತಳಕ್ಕಿಳಿಯುವವರೆಗೆ ಕಾದು, ಮೇಲಿನ ತಿಳಿಯನ್ನಷ್ಟೇ ಟಾಕಿಗೆ ಹಾಕಿಸಿ ಅರ್ಧ ತಾಸು ಯಾರೂ ನಳ ಮುಟ್ಟದಂತೆ ಕಾವಲು ನಿಂತೆ. ಆಮೇಲೆ ಪುಟ್ಟ ಕೊಳವೆಯಲ್ಲಿ ನೀರು ಹಿಡಿದು ಪರೀಕ್ಷೆಯ ಹನಿ ಬಿಟ್ಟರೆ, ತಿಳಿಹಳದಿ ಬಣ್ಣ! ನೀರಿನಲ್ಲಿ ಔಷಧ ಇನ್ನೂ ಎಚ್ಚರವಾಗಿದೆ ಎಂಬುದರ ಗುರುತು. ಮದುವೆಯ ಸೀರೆಯ ಹಳದಿಯೂ ನನಗೆ ಅಷ್ಟು ಚೆಂದ ಕಂಡಿರಲಿಲ್ಲ.

ಮರುದಿನವೇ ವಿಠ್ಠಲ ಮಾಮಾ ಕಪ್ಪು ಹಿಡಿದು ಬಂದರು. "ಸಿಸ್ಟರ್, ಖರೇ ಹೇಳತೇನಿ, ಚಹಾಕ್ಕ ದವಾಖಾನಿ ವಾಸನಿ ಬರಾಕತ್ತೇತಿ."

"ಬರಲಿ ಬಿಡ್ರಿ. ದವಾಖಾನಿ ವಾಸನಿ ಮನಿಗೆ ಬಂದ್ರ ಮನಿ ಮಂದಿ ದವಾಖಾನಿಗೆ ಹೋಗೂದು ತಪ್ಪತೈತಿ" ಎಂದೆ. ಕೊಡದ ಬಾಯಿಗೆ ಬಟ್ಟೆ ಕಟ್ಟಿ ಒಂದು ರಾತ್ರಿ ಇಟ್ಟರೆ ವಾಸನೆ ಇಳಿಯುತ್ತದೆಂದೂ ಹೇಳಿಕೊಟ್ಟೆ. ಭೇದಿ ಇಳಿಯಿತು. ಮಾಮಾರ ಮೊಮ್ಮಗಳು ಮತ್ತೆ ಗಲ್ಲಿಯ ತುಂಬ ಓಡಾಡತೊಡಗಿದಳು.

ಪದ್ಮಕ್ಕನಿಗೂ ಬಿಡದೆ ಹೇಳಿದೆ: ಬಾವಿಗೆ ಔಷಧವಿಲ್ಲ, ಆದ್ದರಿಂದ ನಿಮ್ಮ ನೀರು ಉಕ್ಕಿ ಕುದಿಯಬೇಕು. "ನಾವು ಕುದಿಸದ ನೀರ ಯಾವಾಗ ಕುಡದೇವ್ರಿ?" ಎಂದು ಅವರು ನಕ್ಕರು. ಔಷಧ ಹಾಕಿದಂತೆ ಕುದಿಸಿದರೂ ನೀರೊಳಗಿನ ಸಣ್ಣ ಜೀವಗಳು ಹೋಗುತ್ತವಲ್ಲ ಎಂಬ ಪ್ರಶ್ನೆ ನನ್ನ ನಾಲಿಗೆಯ ತುದಿಗೆ ಬಂದಿತ್ತು. ನೆರೆಯವರ ಧರ್ಮವನ್ನು ಲೋಟದ ನೀರಿನಂತೆ ಬೆಳಕಿಗೆ ಹಿಡಿದು ನೋಡಬಾರದೆಂದು ನುಂಗಿಕೊಂಡೆ.

ಶ್ರಾವಣದ ಒಂದು ಬೆಳಗ್ಗೆ ಮುನಿಗಳು ನಮ್ಮ ಗಲ್ಲಿಗೆ ತಿರುಗಿದರು. ಮಗ್ಗಗಳು ತಾವಾಗಿಯೇ ನಿಂತವು. ಪದ್ಮಕ್ಕ ಕಲಶದ ಮೇಲೆ ತೆಂಗಿನಕಾಯಿಟ್ಟು ಬಾಗಿಲಲ್ಲಿ ನಿಂತಿದ್ದರು. ಮುನಿಗಳು ಮುಂದೆ ಹೋದರು, ಒಂದು ಗಳಿಗೆ ತಡೆದರು, ಹಿಂದಿರುಗಿ ಬಂದು ಅವರೆದುರು ನಿಂತರು. ಒಳಗಿನದು ನನಗೆ ಕಾಣಲಿಲ್ಲ. ನಾನು ನನ್ನ ಹೊಸ್ತಿಲಲ್ಲೇ ಇದ್ದೆ. ಎಷ್ಟೋ ಹೊತ್ತಿನ ಮೇಲೆ ಪದ್ಮಕ್ಕ ಹೊರಗೆ ಬಂದರು. ಕಣ್ಣು ತುಂಬಿತ್ತು. ಅಷ್ಟು ದೂರದಿಂದಲೇ ಹೇಳಿದರು: "ಸಿಸ್ಟರ್, ನೀರ ನಡೀತ್ರಿ."

ಕೆಲವು ದಿನಗಳ ಮೇಲೆ ಅವರ ಮುಂಗೈ ಉಳುಕಿತು. ಮನೆಯ ನೀರು ಸೇದಿಕೊಡಲು ನಾನು ಹೋದೆ. ಪದ್ಮಕ್ಕ ದಪ್ಪ ಬಟ್ಟೆಯಲ್ಲಿ ನೀರು ಸೋಸಿದರು, ಬಟ್ಟೆಯಲ್ಲಿ ಉಳಿದದ್ದನ್ನು ಸೋಸಿದ ನೀರಿನಿಂದಲೇ ತೊಳೆದು ಒಂದು ಪುಟ್ಟ ಹಿತ್ತಾಳೆಯ ಬಾಲ್ದಿಗೆ ಇಳಿಸಿದರು. ಕಣ್ಣಿಗೆ ಕಾಣದ ಆ ಜೀವಗಳನ್ನು ಅವು ಬಂದ ಬಾವಿಗೇ ಮರಳಿಸಬೇಕಂತೆ. ಮೇಲಿನಿಂದ ಸುರಿಯುವಂತಿಲ್ಲ. ಬಾಲ್ದಿಯನ್ನು ನೀರಿನವರೆಗೂ ಇಳಿಸಬೇಕು, ಅಲ್ಲಿ ಅದು ವಾಲಿಕೊಂಡು ಅವನ್ನು ಬಿಡಬೇಕು.

"ಮೆಲ್ಲಕ ಬಿಡ್ರಿ ಸಿಸ್ಟರ್, ಪೆಟ್ಟ ಹತ್ತೀತು" ಎಂದರು.

ನೌಕರಿಯುದ್ದಕ್ಕೂ ಇವುಗಳ ವಂಶವನ್ನೇ ಅಳಿಸಲು ಹೊರಟಿದ್ದ ಕೈಗಳು ಇವು. ಹೆರಿಗೆ ಕೋಣೆಯಲ್ಲಿ ಕೂಸನ್ನು ತಾಯಿಯ ಮಗ್ಗುಲಿಗೆ ಹಾಕುವಷ್ಟು ಮೆತ್ತಗೆ ಹಗ್ಗ ಇಳಿಸಿದೆ. ಕೆಳಗೆ ನೀರು ಒಮ್ಮೆ ಮಿಸುಕಿ ಸುಮ್ಮನಾಯಿತು. ಬಾಲ್ದಿ ಮೇಲೆಳೆದು ತಿರುಗಿ ನೋಡಿದರೆ, ನಾನು ಕೈ ತೊಳೆದುಕೊಳ್ಳಲೆಂದು ಪದ್ಮಕ್ಕ ಸಾಬೂನು ಹಿಡಿದು ನಿಂತಿದ್ದರು.