ಶಾಜ್ಲಿ ಕಾಕಾನ ಎಡಹೆಗಲು
ಶುಬ್ರಾ ಬಡಾವಣೆಯ ನಮ್ಮ ಕಟ್ಟಡದ ಕಾವಲುಗಾರ ಶಾಜ್ಲಿ ಕಾಕಾನ ಬಾಯಲ್ಲಿ ಗುಟ್ಟು ನಿಲ್ಲುವುದಿಲ್ಲ. ಬಾಗಿಲ ಬೆಂಚಿನ ಮೇಲೆ ಕೂತು ಚಹಾ ಹೀರುತ್ತ, "ಮೂರನೇ ಮಹಡೀಲಿ ಮೊಲೊಖಿಯಾ ಸೊಪ್ಪಿನ ಸಾರು ತಳ ಹತ್ತಿದೆ, ನಾಲ್ಕನೇದ್ರಲ್ಲಿ ಗಂಡ ಹೆಂಡ್ತಿ ಮಾತು ಬಿಟ್ಟಿದ್ದಾರೆ" ಎಂದು ಅಂಚೆಯವನಿಗೂ ವರದಿ ಒಪ್ಪಿಸುತ್ತಾನೆ. ಬೀದಿಯಲ್ಲಿ ಯಾವ ಕಟ್ಟಡದ ಲಿಫ್ಟ್ ಕೆಟ್ಟರೂ ಹೊರುವುದಕ್ಕೆ ಅವನೇ ಬೇಕು. ಸೆರೆಬ್ರಲ್ ಪಾಲ್ಸಿಯಿಂದ ನಡೆಯಲಾರದ ನನ್ನ ಏಳು ವರ್ಷದ ಮಗಳು ನಿಸ್ಮಾಳನ್ನು ಐದು ಮಹಡಿ ಹೊತ್ತು ತರುವವನೂ ಅವನೇ. ಅವನ ಜುಬ್ಬಾದ ಎಡಹೆಗಲ ಮೇಲೆ ಸದಾ ಅವಳ ಜೊಲ್ಲಿನ ಒದ್ದೆ. ನನ್ನಂಥ ಇನ್ನೊಬ್ಬ ತಾಯಿ ಸಿಕ್ಕಾಳೇ ಎಂದು ಆರು ವರ್ಷ ಆಸ್ಪತ್ರೆ, ಕಚೇರಿ ಅಲೆದು ನಾನು ಕೈಚೆಲ್ಲಿದ್ದೆ. ಮೊನ್ನೆ ನಿಸ್ಮಾಳೊಂದಿಗೆ ಹದಿನೈದು ದಿನ ತವರಲ್ಲಿದ್ದು ಮರಳಿದರೆ, ಕಾಕಾನ ಹೆಗಲು ಆಗಲೇ ಒದ್ದೆಯಾಗಿತ್ತು. "ಇದ್ಯಾರದ್ದು ಕಾಕಾ?" ಎಂದೆ. ಅವನು ಅಂಗೈಯಿಂದ ಹೆಗಲು ಮುಚ್ಚಿಕೊಂಡ. ಬಿಡದೆ ಕಾಡಿದ ಮೇಲೆ, "ಯಾರದ್ದು ಅಂತ ಹೇಳಲಿ ತಾಯಿ? ಇಂಥ ಮಕ್ಕಳಿರೋದು ಈ ಬೀದೀಲೇ ಒಂಬತ್ತು ಮನೇಲಿ, ನಿಮ್ಮದೂ ಸೇರಿ" ಎಂದ. "ಒಂಬತ್ತಾ! ಊರ ಸುದ್ದಿಯೆಲ್ಲ ಸಾರ್ತೀಯ, ಇದೊಂದನ್ನ ಹೇಳೋಕೆ ನಿನಗೇನಾಗಿತ್ತು?" ಎಂದು ಕಿರುಚಿದೆ. ಅವನು ನಿಸ್ಮಾಳನ್ನು ಮೆಲ್ಲಗೆ ಹೆಗಲಿಗೇರಿಸಿಕೊಂಡ. "ಮೊದಲ ದಿನಾನೇ ನನ್ನ ಕೈ ಕುರಾನ್ ಮೇಲೆ ಇಡಿಸಿ, ಮಗು ಹೀಗಿರೋದು ಯಾರಿಗೂ ಹೇಳಬೇಡ ಅಂದ್ರಲ್ಲ ನೀವು? ಆ ಎಂಟು ತಾಯಂದಿರೂ ಹಾಗೇ ಇಡಿಸಿದ್ದಾರೆ."